ಕಲ್ಲುಕುದುರೆಯ ಬಾಯಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವರು ಮನೆಯನ್ನು ಮೊದಲು ಇಟ್ಟಿದ್ದಾರೆ, ಮದುವೆಯನ್ನು ಆಮೇಲೆ. ಓವರ್ಸಿಯರ್ ಜಂಬಣ್ಣ ಈ ಕ್ರಮವನ್ನು ತಲೆಕೆಳಗು ಮಾಡಿದ. ಮೊದಲು ಮದುವೆಯಾದ, ಮನೆಯ ವಿಚಾರ ನಿಧಾನವಾಗಿ ನೋಡಿದರಾಯಿತು ಎಂದ. ಆಗಬೇಕಾದದ್ದೇ ಆಯಿತು. ಹೆಂಡತಿ ತವರಿನಲ್ಲಿ, ತಾನು ಡೇರೆಯಲ್ಲಿ.

ನಗು ಬರುವ ಸಂಗತಿಯೆಂದರೆ ಜಂಬಣ್ಣನಿಗೆ ಹೆಸರು ಬಂದದ್ದೇ ಮನೆಗಳ ನಕ್ಷೆ ಬರೆಯುವುದರಲ್ಲಿ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ, ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟೆ ಏಳುತ್ತಿದ್ದ ವರ್ಷಗಳಲ್ಲಿ ಅವನು ಅಲ್ಲೇ ಕೆಲಸಕ್ಕಿದ್ದ. ಕೆಲಸದ ಹೊತ್ತಿನಲ್ಲಿ ಕಟ್ಟೆಯ ಅಳತೆ, ಬಿಡುವಿನಲ್ಲಿ ಊರವರ ಮನೆಗಳ ನಕ್ಷೆ. ಹೊಳಲ್ಕೆರೆಯ ಸಾಹುಕಾರರೊಬ್ಬರ ಮಹಡಿ ಮನೆ ಅವನ ನಕ್ಷೆ, ಹೊಸದುರ್ಗದ ಛತ್ರ ಅವನ ನಕ್ಷೆ. ಹಳೆಯ ಕಟ್ಟಡ ಕಂಡರಂತೂ ಅವನಿಗೆ ಹುಚ್ಚೇ ಹಿಡಿಯುತ್ತಿತ್ತು. ಕುಸಿದುಬಿದ್ದ ಸುಂಕದ ಕಟ್ಟೆಯೊಂದನ್ನು ಶಾಲೆ ಮಾಡಿಕೊಟ್ಟಿದ್ದ, ಪಾಳುಬಿದ್ದ ಗಾಣದ ಮನೆಯನ್ನು ಒಬ್ಬರಿಗೆ ಬಟ್ಟೆಯಂಗಡಿ ಮಾಡಿಕೊಟ್ಟಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ಇವನು ಮಾರಿಯಾಗೋಣವೆಂದರೆ ಮನೆಯೇ ಇರಲಿಲ್ಲ.

ಮದುವೆಯಾದ ಹೊಸತರಲ್ಲಿ ಹೆಂಡತಿ ಸರ್ವಮಂಗಳ ಒಂದು ಸಲ ಮಾರಿಕಣಿವೆಗೆ ಬಂದದ್ದುಂಟು. ಬಂದ ಮರುದಿನವೇ ಗಂಡನಿಗೆ ಹೋಳಿಗೆ ಮಾಡುತ್ತೇನೆಂದು ಕುಳಿತಳು. ಕಡಲೆಬೇಳೆ ಬೆಂದು, ಬೆಲ್ಲ ಕರಗಿ, ಹೂರಣದ ಘಮ ಡೇರೆಯ ತುಂಬ ಹರಡಿದ್ದಾಗ ಮಳೆ ಬಂತು. ಮಾರಿಕಣಿವೆಯಲ್ಲಿ ಮಳೆ ಅಪರೂಪ, ಆ ಅಪರೂಪದ ಅತಿಥಿ ನೇರವಾಗಿ ಹೂರಣದ ಪಾತ್ರೆಗೇ ಇಳಿಯಿತು. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬಂತೆ, ಹೊರಗೆ ಬಿಸಿಲು ಬಿದ್ದ ಮೇಲೂ ಒಳಗೆ ತೊಟ್ಟಿಕ್ಕುತ್ತಲೇ ಇತ್ತು. ಸರ್ವಮಂಗಳ ನೀರಾದ ಹೂರಣವನ್ನೂ ಗಂಡನ ಮುಖವನ್ನೂ ನೋಡಿದಳು. ಜಂಬಣ್ಣ ಅವಳ ಮುಖ ನೋಡಲಿಲ್ಲ. ಅವನು ಅಳತೆಯ ಪಟ್ಟಿ ಹಿಡಿದು ಡೇರೆಯ ಇಳಿಜಾರು ಸರಿಯಿಲ್ಲವೆಂದು ಲೆಕ್ಕ ಹಾಕುತ್ತಿದ್ದ.

"ಸೋರದಿರೋ ಮನೆ ಕಟ್ರಿ, ಬರ್ತೀನಿ" ಎಂದಳು ಅವಳು. ಅಪ್ಪನ ಬಂಡಿ ಬಂದಾಗ ಹತ್ತಿ ಕುಳಿತಳು.

ಅವಳ ಅಪ್ಪ ಪರಮೇಶ್ವರಪ್ಪ ಮತ್ತೋಡಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ದೊಡ್ಡ ದನಿ, ದೊಡ್ಡ ರುಮಾಲು, ಒಬ್ಬಳೇ ಮಗಳು. ಮಗಳ ಮಾತು ಅವರ ಕಿವಿಗೆ ಬಿದ್ದದ್ದೇ ತಡ, ಅದನ್ನು ಅವರು ಪಂಚಾಯಿತಿ ತೀರ್ಮಾನದಂತೆ ಮಾಡಿಬಿಟ್ಟರು.

"ನೋಡ್ರಿ ಅಳಿಯಂದ್ರೆ, ಕಟ್ಟೆ ಕೆಲ್ಸ ಮುಗೀತಾ ಬಂತು. ಬರೋ ಕಾರ್ತೀಕದೊಳಗೆ ಮನೆ ಮಾಡ್ರಿ. ನಾನೇ ಮಗಳನ್ನ ಕರ್ಕಂಡು ಬಂದು ಸೂರಿನ ಕೆಳಗೆ ಕುಂತ್ಕಂತೀನಿ. ಮಳೆ ಬರ್ಲಿ. ಆ ಸೂರಿನಿಂದ ಒಂದೇ ಒಂದ್ ಹನಿ ನನ್ನ ಮೈಮ್ಯಾಲೆ ಬಿತ್ತೋ, ಮಗಳನ್ನ ಅದೇ ಬಂಡಿನಾಗೆ ವಾಪಸ್ ಕರ್ಕಂಡು ಹೋಗ್ತೀನಿ. ನೀವೂ ಬಂಡಿ ಹಿಂದೇನೇ ಬಂದ್ಬಿಡ್ರಿ. ನಮ್ಮ ಮಂಡಿನಾಗೆ ಕೊಬ್ಬರಿ ತೂಕ ಮಾಡಾಕೆ ಒಬ್ರು ಬೇಕಾಗೈತೆ."

ಮನೆ ಅಳಿಯ! ತಕ್ಕಡಿಯ ಮುಂದೆ ಕೂತು ಕೊಬ್ಬರಿ ತೂಗುವ ತನ್ನನ್ನು ಜಂಬಣ್ಣ ಕಣ್ಣೆದುರು ಕಂಡ. ಮೈ ಜುಮ್ಮೆಂದಿತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸೋರದ ಮನೆ ಎಂಬುದು ಬರೀ ನೆಪವಾಗಿದ್ದರೆ? ಅವಳಿಗೆ ಬರುವ ಮನಸ್ಸೇ ಇಲ್ಲದಿದ್ದರೆ? ಕೇಳಿಬಿಡಬಹುದಿತ್ತು. ಆದರೆ ಅಳತೆ ಪಟ್ಟಿಗೆ ಸಿಗದ ವಿಷಯವನ್ನು ಕೇಳುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಕಟ್ಟೆ ಮುಗಿದು ಜಂಬಣ್ಣನಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಅಲ್ಲಿ ಅವನ ಸೋದರತ್ತೆ ಮರುಳಸಿದ್ದಮ್ಮ ಇದ್ದಳು. ಹಲ್ಲು ಹೋದರೂ ಮಾತು ಹೋಗದ ಹೆಂಗಸು. ಅವಳ ಮನೆಯ ಮಗ್ಗುಲಲ್ಲಿ, ಕೋಟೆ ಬೆಟ್ಟದ ಬುಡದಲ್ಲಿ, ಪಾಳೆಯಗಾರರ ಕಾಲದ್ದೊಂದು ಕುದುರೆ ಲಾಯವಿತ್ತು. ಯಾವ ಕಾಲದಿಂದಲೋ ಅದು ಇವರ ಮನೆತನಕ್ಕೆ ಸೇರಿತ್ತು. ಮರುಳಸಿದ್ದಮ್ಮ ಅದರಲ್ಲಿ ಹುಲ್ಲು ತುಂಬಿಸಿದ್ದಳು.

"ಲೇ ಜಂಬ, ಹುಲ್ಲು ತುಂಬೋ ಜಾಗದಾಗೆ ಸಂಸಾರ ತುಂಬ್ಕಂತೀನಿ ಅಂದ್ರೆ ತಗ. ಎಮ್ಮೆಗೆ ಬೇರೆ ಕೊಟ್ಟಿಗೆ ನೋಡ್ಕಂತೀನಿ" ಎಂದಳು.

ಜಂಬಣ್ಣ ಲಾಯದೊಳಗೆ ಕಾಲಿಟ್ಟ, ಅಲ್ಲಿಯೇ ಮನಸೋತ. ಆನೆ ಹಾಯುವಷ್ಟು ಅಗಲದ ಬಾಗಿಲು. ಸಾಲು ಸಾಲು ಕಲ್ಲುಕಂಬ, ಕಂಬದ ಮೇಲೆ ಕಲ್ಲು ತೊಲೆ, ತೊಲೆಯ ಮೇಲೆ ಗೇಣುದಪ್ಪದ ಚಪ್ಪಡಿಗಳು. ಗೋಡೆಯುದ್ದಕ್ಕೂ ಕುದುರೆಗೆ ಹುರುಳಿ ಸುರಿಯುತ್ತಿದ್ದ ಕಲ್ಲಿನ ಗೋದಲಿಗಳು. ಲಾಯದ ಎರಡೂ ಪಕ್ಕದಲ್ಲಿ ದೈತ್ಯ ಬಂಡೆಗಳು, ಹಿಂದೆ ಬೆಟ್ಟ. ಮುಂದಿನ ಗೋಡೆಯ ಮೇಲ್ತುದಿಯಲ್ಲಿ, ಬಾಗಿಲ ಆ ಕಡೆಯೊಂದು ಈ ಕಡೆಯೊಂದು, ಕಲ್ಲಿನಲ್ಲಿ ಕಡೆದ ಎರಡು ಕುದುರೆ ಮುಖಗಳು ಬೀದಿಗೆ ಬಾಯಿ ತೆರೆದು ನಿಂತಿದ್ದವು. ಸಮತಟ್ಟು ಮಾಳಿಗೆಯ ಮೇಲೆ ಬಿದ್ದ ನೀರು ಆ ಬಾಯಿಗಳಿಂದ ಹೊರಗೆ ಧುಮುಕಬೇಕು. ಅಷ್ಟು ದೊಡ್ಡ ಬಾಯಿ ಯಾಕಿಟ್ಟರು ಎಂದು ಜಂಬಣ್ಣ ಆಗಲೇ ಒಂದು ಗಳಿಗೆ ಯೋಚಿಸಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಅವನು ಯೋಚಿಸಲಿಲ್ಲ. ಗೋದಲಿಗಳಲ್ಲಿ ಒಂದನ್ನು ಅಕ್ಕಿ ರಾಗಿಗೆ, ಒಂದನ್ನು ಪಾತ್ರೆಗೆ, ಒಂದನ್ನು ತನ್ನ ನಕ್ಷೆಯ ಸುರುಳಿಗಳಿಗೆ ಎಂದು ಮನಸ್ಸಿನಲ್ಲೇ ಹಂಚುತ್ತಿದ್ದ.

ಊರು ನಕ್ಕಿತು. "ಓರ್ಸೇರಪ್ಪ ಕುದುರೆ ಲಾಯದಾಗೆ ಸಂಸಾರ ಹೂಡ್ತಾನಂತೆ, ಹೆಂಡ್ತಿಗೆ ಹುರುಳಿ ಬೇಯಿಸ್ತಾನಂತೆ" ಎಂದು ಸಂತೆಯಲ್ಲಿ ಆಡಿಕೊಂಡರು. ಜಂಬಣ್ಣನೂ ಅವರ ಜೊತೆ ನಕ್ಕ. ಅಷ್ಟು ಖುಷಿ ಅವನಿಗೆ.

ಕೆಲಸಕ್ಕೆ ಅವನು ಕರೆಸಿದ್ದು ಗಾರೆ ರಂಗಪ್ಪನನ್ನು. ಅವನೂ ಮಾರಿಕಣಿವೆಯಲ್ಲಿ ಪಳಗಿದವನೇ. ಒಬ್ಬ ಕಟ್ಟೆ ಹುಚ್ಚನಿದ್ದರೆ ಮನೆ ಉಳಿಯುತ್ತದೆ. ಇಬ್ಬರು ಸೇರಿದರೆ ಏನಾಗುತ್ತದೆಂದು ಮುಂದೆ ನೋಡುವಿರಿ. ಆ ಸೀಮೆಯ ಮಾಳಿಗೆ ಮನೆಗಳಿಗೆಲ್ಲ ನೀರು ಇಂಗದ ಕರಲು ಮಣ್ಣು ಹರಡಿ, ವರ್ಷವರ್ಷವೂ ಮೇಲೆ ಹೊಸ ಮಣ್ಣು ಹಾಕಿ ತುಳಿಯುವುದು ಪದ್ಧತಿ. ಇವರಿಗೆ ಅದು ಹಿಡಿಸಲಿಲ್ಲ.

"ಸಾಮಿ, ವೇದಾವತಿನೇ ನಿಲ್ಸಿದ ಗಾರೆ ಐತೆ ನಮ್ಮತ್ರ. ಮಣ್ಣು ಯಾಕೆ?" ಎಂದ ರಂಗಪ್ಪ.

"ಅದೇ ಹಾಕಾಣ" ಎಂದ ಜಂಬಣ್ಣ.

ಸುಣ್ಣ ಬಂತು, ಇಟ್ಟಿಗೆ ಪುಡಿ ಬಂತು. ಬೆಲ್ಲವನ್ನೂ ಅಳಲೆಕಾಯಿಯನ್ನೂ ಗುಡಾಣಗಳಲ್ಲಿ ನೆನೆಹಾಕಿ, ಆ ನೀರಿನಲ್ಲೇ ಗಾರೆ ಅರೆದರು. ಹೆಂಗಸರು ಮಾಳಿಗೆಯ ಮೇಲೆ ಸಾಲಾಗಿ ಕುಳಿತು ಕೊಡತಿಗಳಿಂದ ಗಾರೆ ಬಡಿಯುತ್ತ ಹಾಡಿದರು, ಬೆಲ್ಲದ ವಾಸನೆಗೆ ಊರಿನ ನೊಣವೆಲ್ಲ ನೆರೆಯಿತು. ಮಾಳಿಗೆಯ ಸುತ್ತಲ ಕೈಪಿಡಿ ಗೋಡೆಯನ್ನು ತೊಡೆಯೆತ್ತರಕ್ಕೆ ಏರಿಸಿ, ಎರಡು ಪಕ್ಕದ ಬಂಡೆಗಳಿಗೂ ಸಂದಿಲ್ಲದಂತೆ ಬೆಸೆದರು. ಬಂಡೆಗೆ ಗೋಡೆ ಬೆಸೆಯುವಾಗ ಜಂಬಣ್ಣನಿಗೆ ಮಾರಿಕಣಿವೆಯ ಎರಡು ಗುಡ್ಡಗಳು ನೆನಪಾಗಿ ಕಣ್ಣು ತುಂಬಿ ಬಂದಿತ್ತು. ಕೊನೆಗೆ ನೀರಿನ ಮಟ್ಟ ನೋಡಲು ಅಳತೆಯ ಗೆರೆ ಬರೆದ ಮರದ ಪಟ್ಟಿಯೊಂದನ್ನೂ ಮೂಲೆಯಲ್ಲಿ ನೆಟ್ಟ. ಮನೆಯ ಮಾಳಿಗೆಗೆ ಅದೇಕೆ ಎಂದು ಕೇಳಲು ಅಲ್ಲಿ ಯಾರಿದ್ದರು? ರಂಗಪ್ಪನಂತೂ ಅದಕ್ಕೆ ಅರಿಶಿನ ಹಚ್ಚಿ ಕೈಮುಗಿದ.

ಇಲ್ಲೊಂದು ಮಾತು ನೆನಪಿನಲ್ಲಿಡಬೇಕು. ಹೊಸ ಗಾರೆ ಬಿರಿಯದೆ ಹದವಾಗಬೇಕಾದರೆ ಅದರ ಮೇಲೆ ಕೆಲವು ವಾರ ನೀರು ಕಟ್ಟಿ ನಿಲ್ಲಿಸಬೇಕು. ನೀರು ನಿಲ್ಲಬೇಕಾದರೆ ಹೋಗುವ ದಾರಿ ಮುಚ್ಚಬೇಕು. ಹಾಗಾಗಿ ರಂಗಪ್ಪ ಎರಡೂ ಕಲ್ಲುಕುದುರೆಗಳ ಗಂಟಲಿಗೆ ಮಾಳಿಗೆಯ ಕಡೆಯಿಂದ ಕಲ್ಲುಚೂರು ತುರುಕಿ ಗಾರೆ ಮೆತ್ತಿದ. ಹದವಾದ ಮೇಲೆ ತೆಗೆದು ನೀರು ಬಿಟ್ಟರಾಯಿತು ಎಂದುಕೊಂಡರು. ಆದರೆ ಚಿತ್ರದುರ್ಗದ ಬಿಸಿಲು ಯಾರನ್ನು ಕೇಳುತ್ತದೆ? ಜೋಗಿಮಟ್ಟಿ ಗುಡ್ಡದ ಕಡೆಯಿಂದ ಬೀಸುವ ಗಾಳಿ ಬೇರೆ. ಕೊನೆಯ ವಾರ ಕಟ್ಟಿದ ನೀರು ತಾನಾಗಿಯೇ ಆರಿ ಹೋಯಿತು. ಬಿಡುವುದಕ್ಕೆ ನೀರೇ ಇಲ್ಲವೆಂದ ಮೇಲೆ ಕುದುರೆಗಳ ಬಾಯಿ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಗೋಡೆಗೆ ಸುಣ್ಣ ಹೊಡೆಯುವಾಗ ಕುದುರೆಗಳಿಗೂ ಹೊಡೆದರು. ಬೆಳ್ಳಗೆ, ಗಂಭೀರವಾಗಿ, ಗಂಟಲು ಕಟ್ಟಿಕೊಂಡು ಅವು ಬೀದಿಯನ್ನು ನೋಡುತ್ತ ಕುಳಿತವು.

ಕಾರ್ತೀಕದಲ್ಲಿ ಗೃಹಪ್ರವೇಶ. ಜಂಗಮರ ಪಾದಪೂಜೆಯಾಯಿತು, ಹಾಲು ಉಕ್ಕಿತು. ಒಳಗೆ ಬಿಟ್ಟ ಹಸು ಯಾರ ಮಾತೂ ಕೇಳದೆ ಸೀದಾ ಗೋದಲಿಗೆ ಹೋಗಿ, ಶೃಂಗಾರಕ್ಕೆಂದು ಇಟ್ಟಿದ್ದ ಬಾಳೆಗೊನೆಗೆ ಬಾಯಿ ಹಾಕಿತು. "ಹಸುಗೆ ಗೊತ್ತೈತೆ ಇದೇನು ಜಾಗ ಅಂತ" ಎಂದಳು ಮರುಳಸಿದ್ದಮ್ಮ.

ಪರಮೇಶ್ವರಪ್ಪನವರ ಕಮಾನು ಬಂಡಿ ಬಂದು ಬಾಗಿಲ ಪಕ್ಕದಲ್ಲಿ, ಒಂದು ಕಲ್ಲುಕುದುರೆಯ ಕೆಳಗೇ ನಿಂತಿತು. ಸರ್ವಮಂಗಳ ಇಳಿದಳು. ಹಸಿರು ಇಳಕಲ್ ಸೀರೆ, ಕಣ್ಣಲ್ಲಿ ಅದೇ ತುಂಟತನ. ಅವಳ ತಗಡಿನ ಟ್ರಂಕು ಮಾತ್ರ ಬಂಡಿಯಿಂದ ಇಳಿಯಲಿಲ್ಲ.

"ತಿಮ್ಮರಾಯಪ್ಪ, ಟ್ರಂಕು ಇಳಿಸ್ಬೇಡ, ಎತ್ತೂ ಬಿಚ್ಬೇಡ" ಎಂದು ಪರಮೇಶ್ವರಪ್ಪ ಬಂಡಿಯವನಿಗೆ ಹೇಳಿದರು. ಆಮೇಲೆ ಆಕಾಶ ನೋಡಿದರು. ಜೋಗಿಮಟ್ಟಿಯ ತಲೆಯ ಮೇಲೆ ಕಪ್ಪು ಮೋಡ ಕೂಡುತ್ತಿತ್ತು. "ಮಳೆ ಬರೋ ಹಂಗೈತೆ. ಒಂದ್ ಹನಿ ಬಿದ್ರೆ ಸಾಕು, ಹೊರಡಾಣ."

ಅವರು ನಡುಮನೆಯ ಮಧ್ಯದಲ್ಲಿ ಮಣೆ ಹಾಕಿಸಿಕೊಂಡು, ಮುಂದೆ ಒಂದು ಹಿತ್ತಾಳೆ ತಟ್ಟೆ ಇಟ್ಟುಕೊಂಡು, ಮೇಲೆ ನೋಡುತ್ತ ಕುಳಿತರು. ಹನಿ ಬಿದ್ದರೆ ಟಣ್ ಎನ್ನಬೇಕು, ಸಾಕ್ಷಿಗೆ ಬೀದಿಯವರೆಲ್ಲ ಇದ್ದಾರೆ.

ಆ ಹೊತ್ತಿನಲ್ಲಿ ಜಂಬಣ್ಣ ಹೆಂಡತಿಗೆ ಮನೆ ತೋರಿಸಿದ. ಗೋದಲಿಗಳನ್ನು ತೋರಿಸಿದ, ಅಡುಗೆಮನೆಯ ಕಿಟಕಿ ತೋರಿಸಿದ. ಕಂಬವೊಂದಕ್ಕೆ ನೆಟ್ಟಿದ್ದ ಕಬ್ಬಿಣದ ಬಳೆಗಳ ಮುಂದೆ ಬಂದಾಗ ತಡವರಿಸಿದ.

"ಇವು ಏನಕ್ಕೆ?" ಎಂದಳು ಸರ್ವಮಂಗಳ.

"ಆಗ ಕುದುರೆ ಕಟ್ತಿದ್ರು."

"ಈಗ?"

"ಈಗ... ತೊಟ್ಲು ಕಟ್ಟಾಕೆ ಆಗ್ತವೇನೋ ಅಂತ ತೆಗೀಲಿಲ್ಲ" ಎಂದು ಜಂಬಣ್ಣ ಕಿವಿಯವರೆಗೆ ಕೆಂಪಾದ. ಸರ್ವಮಂಗಳ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅವನ ಬಾಯಿಂದ ಏನೋ ಕೇಳಬೇಕೆಂದು ಕಾಯುತ್ತಿರುವಂತೆ ನಿಂತಳು. ಅವನೂ ಏನೋ ಹೇಳಬೇಕೆಂದು ಬಾಯಿ ತೆರೆದ.

"ಈ ಸೂರು ಸೋರಾದಿಲ್ಲ" ಎಂದ.

ಅವಳು ಹಣೆ ಚಚ್ಚಿಕೊಂಡಳು. ಆಗಲೇ ಗುಡುಗಿತು.

ಬಂದ ಮಳೆಯೋ, ಬರೀ ಮಳೆಯಲ್ಲ. ಕೋಟೆ ಬೆಟ್ಟವೇ ಕಾಣದಂತೆ ಸುರಿಯಿತು. ಹನಿಹನಿಗೆ ಬಾಯಿಬಿಡುವ ಊರಿನ ಜನ ಬೀದಿಗಿಳಿದು ಕೂಗಾಡಿದರು. ಲಾಯದೊಳಗೆ ಸದ್ದಿಲ್ಲ. ಎಲ್ಲರ ಕಣ್ಣು ಚಪ್ಪಡಿಗಳ ಮೇಲೆ, ಪರಮೇಶ್ವರಪ್ಪನವರ ಕಣ್ಣು ತಟ್ಟೆಯ ಮೇಲೆ. ಒಂದು ಗಳಿಗೆಯಾಯಿತು, ಎರಡು ಗಳಿಗೆಯಾಯಿತು, ತಟ್ಟೆ ಒಣಗಿಯೇ ಇತ್ತು. ಪಕ್ಕದ ಮನೆಗಳಲ್ಲಿ ಸೋರುವ ಜಾಗಕ್ಕೆ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು, ಇಲ್ಲಿ ಒಂದು ಹನಿಯೂ ಇಲ್ಲ! ಜಂಬಣ್ಣ ಮತ್ತು ರಂಗಪ್ಪ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಒಬ್ಬ ಸರ್ಕಾರಿ ಓವರ್ಸಿಯರ್ ಗಾರೆಯವನ ಜೊತೆ ಕುಣಿಯುವುದನ್ನು ಚಿತ್ರದುರ್ಗ ಅಂದೇ ಮೊದಲು ಕಂಡದ್ದು.

"ಬೀಗ್ರೇ, ತಟ್ಟೆನಾಗೆ ಅನ್ನ ಬಡಿಸ್ಲೇ? ಸುಮ್ನೆ ಖಾಲಿ ಐತೆ" ಎಂದಳು ಮರುಳಸಿದ್ದಮ್ಮ.

ಪರಮೇಶ್ವರಪ್ಪ ಮೀಸೆ ಸವರಿದರು. ವ್ಯಾಪಾರದ ತಲೆ, ಒಂದು ಕಡೆಯಿಂದ ಬಂದದ್ದು ಇನ್ನೊಂದು ಕಡೆಯಿಂದ ಹೋಗಲೇಬೇಕು ಎಂದು ಬಲ್ಲವರು. "ಎಲ್ಲಾ ಸರಿ ಅಳಿಯಂದ್ರೆ. ಇಷ್ಟೊಂದು ಮಳೆ ಬರ್ತೈತೆ. ಬೀದಿನಾಗೆ ಎಲ್ರ ಮಾಳಿಗೆಯಿಂದ್ಲೂ ನೀರು ಧುಮುಕ್ತೈತೆ. ನಿಮ್ಮ ಮಾಳಿಗೆ ನೀರು ಎಲ್ಲಿ ಹೋಯ್ತು?"

ಕುಣಿಯುತ್ತಿದ್ದ ಜಂಬಣ್ಣನ ಒಂದು ಕಾಲು ಮೇಲೆಯೇ ನಿಂತಿತು. ರಂಗಪ್ಪನ ಮುಖ ಸುಣ್ಣದಂತಾಯಿತು. ಇಬ್ಬರಿಗೂ ಒಟ್ಟಿಗೇ ಆ ಎರಡು ಬಿಳಿ ಕುದುರೆಗಳು ನೆನಪಾದವು.

ಜಂಬಣ್ಣ ಹಿತ್ತಲಿಗೆ ಓಡಿ ಏಣಿ ಹತ್ತಿದ. ಮಳೆ ಆಗಲೇ ಹನಿಯಾಗಿ ಇಳಿದಿತ್ತು. ಮೇಲೆ ಹತ್ತಿ ನೋಡಿದವನು ಹಾಗೆಯೇ ನಿಂತುಬಿಟ್ಟ. ಮಾಳಿಗೆಯ ಮೇಲೆ ಕೆರೆ ತುಂಬಿತ್ತು. ಬರೀ ಮಾಳಿಗೆಯ ಮೇಲೆ ಬಿದ್ದ ಮಳೆಯಲ್ಲ, ಹಿಂದಿನ ಬೆಟ್ಟದ ಬಂಡೆಗಳ ಮೇಲೆ ಬಿದ್ದ ನೀರೆಲ್ಲ ಜಾರಿಬಂದು ಅಲ್ಲಿಯೇ ಸೇರುತ್ತಿತ್ತು. ಆ ದೊಡ್ಡ ಬಾಯಿಗಳು ಇದಕ್ಕೇ ಇದ್ದವು! ಎರಡು ಬಂಡೆಗಳ ನಡುವೆ, ವೇದಾವತಿಯನ್ನು ನಿಲ್ಲಿಸಿದ ಗಾರೆಯ ಮೇಲೆ, ನೀರು ಮೊಣಕಾಲು ಮಟ್ಟ ನಿಂತು ತಣ್ಣಗೆ ಅಲೆಯಾಡುತ್ತಿತ್ತು. ಅಳತೆಯ ಪಟ್ಟಿ ಅದರಲ್ಲಿ ಮುಕ್ಕಾಲು ಮುಳುಗಿತ್ತು. ಜಂಬಣ್ಣನ ಎದೆ ಹೆಮ್ಮೆಯಿಂದ ಉಬ್ಬಿತು, ಮರುಗಳಿಗೆಯೇ ಭಯದಿಂದ ಕುಗ್ಗಿತು. ಇಷ್ಟು ಭಾರ! ಕೆಳಗೆ ಮಾವ, ಮಾವನ ಕೆಳಗೆ ಮಣೆ, ಸುತ್ತ ಅರ್ಧ ಊರು.

"ಅಯ್ಯೋ! ನೋಡ್ರಿ ಇಲ್ಲಿ!" ಎಂಬ ದನಿ ಕೇಳಿ ತಿರುಗಿದ. ಸರ್ವಮಂಗಳ ಅವನ ಹಿಂದೆಯೇ ಏಣಿ ಹತ್ತಿ ಬಂದಿದ್ದಳು. ಬಂದವಳು ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ನೀರಿಗೆ ಇಳಿದೇಬಿಟ್ಟಳು. ಇಳಿದವಳು ನಗಲು ಶುರು ಮಾಡಿದಳು. ನಗು ಹೊಟ್ಟೆಯೊಳಗಿಂದ ಬರುತ್ತಿತ್ತು, ತಡೆಯಲು ಅವಳಿಂದ ಆಗುತ್ತಿರಲಿಲ್ಲ.

"ಸೋರದಿರೋ ಮನೆ ಕೇಳಿದ್ರೆ ಕೆರೇನೇ ಕಟ್ಟಿ ಕೊಟ್ರಲ್ರೀ!"

"ನಗಬ್ಯಾಡ. ಭಾರ ಜಾಸ್ತಿ ಆಗೈತೆ. ಕುದುರೆ ಬಾಯಿ ಬಿಚ್ಬೇಕು. ನಿಮ್ಮಪ್ಪ ಏನಂತಾರೋ..." ಎಂದು ಜಂಬಣ್ಣ ಅಳುಮುಖ ಮಾಡಿದ. "ಈಗ ನೀನು ವಾಪಸ್ ಹೋಗ್ತೀಯ."

ಅವಳ ನಗು ನಿಂತಿತು. "ಯಾಕೆ ಹೋಗ್ಲಿ?"

"ಸೋರದ ಮನೆ ಕಟ್ರಿ ಅಂದಿದ್ದೆ..."

"ಅಂದಿದ್ದೆ. ಹೂರಣ ನೀರಾಗಿ ಹೋತು ಅಂತ ಸಿಟ್ಟಿನಾಗೆ ಅಂದೆ. ಬಂಡಿ ಹತ್ತುವಾಗ ನಿಮ್ಮ ಮುಖ ನೋಡ್ದೆ. ಸೋರಿದ್ರೆ ಸೋರ್ಲಿ, ಇರು ಅಂತೀರೇನೋ ಅಂತ. ನೀವು ಡೇರೆ ಹಗ್ಗ ಎಳ್ದು ನೋಡ್ತಿದ್ರಿ. ಆಮ್ಯಾಲೂ ಊರಿಗೆ ಬಂದಾಗೆಲ್ಲ ಸುಣ್ಣ, ಗಾರೆ, ಚಪ್ಪಡಿ. ಒಂದಿನನಾದ್ರೂ 'ಬಾ' ಅಂದ್ರಾ ನೀವು?" ಅವಳ ಕಣ್ಣು ತುಂಬಿತ್ತು, ತುಟಿ ಮಾತ್ರ ಇನ್ನೂ ನಗುತ್ತಿತ್ತು. "ಅಂದಿದ್ರೆ ಸೋರೋ ಡೇರೆಗೇ ಬರ್ತಿದ್ದೆ."

ಜಂಬಣ್ಣನಿಗೆ ಇಷ್ಟು ದಿನ ಇದ್ದ ಆ ಭಯ ಕರಗಿ ಹೋಯಿತು. ನಾಚಿಕೆಯೂ ಆಯಿತು, ಆಕಾಶಕ್ಕೆ ಹಾರುವಷ್ಟು ಸಂತೋಷವೂ ಆಯಿತು. ಹೇಳಬೇಕಾದ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಕಾಲ ಕೆಳಗೆ ಚಪ್ಪಡಿಯೊಂದು 'ಟಕ್' ಎಂದಿತು.

"ಹಾರೆ! ರಂಗಪ್ಪ, ಹಾರೆ ತಗಂಡು ಬಾ!"

ಎರಡು ಹಾರೆ ಬಂದವು. ಜೊತೆಗೆ ಮರುಳಸಿದ್ದಮ್ಮನೂ ಏಣಿ ಹತ್ತಿ ಬಂದಳು, ಒಂದು ಕೈಯಲ್ಲಿ ಮೊರ. "ತಡಿಯೋ ಲೇ! ತುಂಬಿದ ಕೆರೆಗೆ ಬಾಗಿನ ಕೊಡದೆ ಯಾರಾದ್ರೂ ತೂಬು ಎತ್ತುತಾರೇನೋ? ಗಂಗಮ್ಮ ಮುನಿಸ್ಕಂತಾಳೆ."

"ಅತ್ತೆ, ಚಪ್ಪಡಿ ಬಿರೀತೈತೆ!"

"ಬಿರಿಯಾದಿಲ್ಲ. ಕುದುರೆ ದಂಡು ಹತ್ತಿ ಕುಣಿದ ಮಾಳಿಗೆ ಇದು" ಎಂದಳು ಮುದುಕಿ. ಅತ್ತೆಯೂ ಸೊಸೆಯೂ ಕೂಡಿ ಅರಿಶಿನ ಕುಂಕುಮ ಬಿಟ್ಟರು, ಗೃಹಪ್ರವೇಶಕ್ಕೆ ತಂದಿದ್ದ ಹೂವು, ಬಳೆ, ಎಲೆಯಡಿಕೆ ಮೊರದಲ್ಲಿಟ್ಟು ನೀರಿಗೆ ತೇಲಿಬಿಟ್ಟರು. ಮೊರ ಗಂಭೀರವಾಗಿ ಮಾಳಿಗೆಯನ್ನು ಸುತ್ತು ಹಾಕಿತು. ರಂಗಪ್ಪ ಕೈಮುಗಿದು "ಮಾರಿಕಣಿವೇನಾಗೂ ಇಷ್ಟು ಚೆನ್ನಾಗಿ ಆಗಿರ್ಲಿಲ್ಲ ಸಾಮಿ" ಎಂದ.

"ನೀವು ಆ ಕುದುರೆ, ನಾನು ಈ ಕುದುರೆ" ಎಂದಳು ಸರ್ವಮಂಗಳ. ಹಾರೆ ಎತ್ತಿ ನೀರೊಳಗಿನ ಗಾರೆಗೆ ಬಲವಾಗಿ ತಿವಿದಳು. ಕೊಬ್ಬರಿ ಮಂಡಿಯಲ್ಲಿ ತೆಂಗು ಸುಲಿದು ಬೆಳೆದ ಕೈ ಅದು. ಒಂದು, ಎರಡು, ಮೂರನೇ ಏಟಿಗೆ ಗಂಟಲು ಬಿಚ್ಚಿತು.

ಅವಳ ಕುದುರೆಯ ಕೆಳಗೇ ನಿಂತಿತ್ತು ಅಪ್ಪನ ಬಂಡಿ. ನೂಲಿನಂತೆ ಬರುವ ನೀರಲ್ಲ ಅದು, ತೂಬು ಎತ್ತಿದ ಕೆರೆ. ಬಿಳಿ ಕುದುರೆ ಭುಸುಗುಟ್ಟಿ ಎತ್ತುಗಳ ಬೆನ್ನ ಮೇಲೆ ಸುರಿದದ್ದೇ, ಅವು ಬಾಲ ಎತ್ತಿ ನೆಗೆದವು. ಬಂಡಿ ತಿರುಗಿತು, ಹಿಂದೆ ಕಟ್ಟಿದ್ದ ಹಗ್ಗ ಸಡಿಲವಾಗಿ ಟ್ರಂಕು ಧೊಪ್ಪನೆ ಬಾಗಿಲ ಮುಂದೆ ಬಿತ್ತು, ಎತ್ತುಗಳು ಜೋಗಿಮಟ್ಟಿಯ ದಿಕ್ಕಿಗೆ ಓಟ ಕಿತ್ತವು. ತಿಮ್ಮರಾಯಪ್ಪ ಹೋ ಹೋ ಎನ್ನುತ್ತ ಹಿಂದೆ ಓಡಿದ.

"ನನ್ನ ಎತ್ತು!" ಎಂದು ಪರಮೇಶ್ವರಪ್ಪ ಮಣೆ ಬಿಟ್ಟು, ತಟ್ಟೆ ಬಿಟ್ಟು, ಹೊರಗೆ ಧಾವಿಸಿದರು. ಧಾವಿಸಿ ನಿಂತದ್ದು ಸರಿಯಾಗಿ ಎರಡನೆಯ ಕುದುರೆಯ ಕೆಳಗೆ. ಜಂಬಣ್ಣನ ಹಾರೆ ಗಾರೆಯನ್ನು ದಾಟಿದ್ದೂ ಅದೇ ಗಳಿಗೆಯಲ್ಲಿ.

ರುಮಾಲು ಒಂದು ಕಡೆ ಹೋಯಿತು, ಶಲ್ಯ ಒಂದು ಕಡೆ ಹೋಯಿತು. ಮತ್ತೋಡಿನ ಕೊಬ್ಬರಿ ಮಂಡಿಯ ಯಜಮಾನರು ಬೀದಿಯ ನಡುವೆ ಅಭಿಷೇಕ ಮಾಡಿಸಿಕೊಂಡು ನಿಂತರು. ಮಾಳಿಗೆಯಿಂದ ಬಗ್ಗಿ ನೋಡಿದ ಜಂಬಣ್ಣನಿಗೆ ಕೊಬ್ಬರಿ ತಕ್ಕಡಿ ಮತ್ತೆ ಕಣ್ಣ ಮುಂದೆ ತೂಗಾಡಿತು.

"ಬಿತ್ತು! ನೀರು ಬಿತ್ತು! ಎಲ್ರೂ ನೋಡಿದ್ರಿ ತಾನೇ?" ಎಂದು ಅವರು ಗುಡುಗಿದರು.

ಏಣಿ ಇಳಿದು ಬಂದ ಮರುಳಸಿದ್ದಮ್ಮ ಒಳಗಿನಿಂದ ಹಿತ್ತಾಳೆ ತಟ್ಟೆ ತಂದು ಬೀದಿಗೆ ಹಿಡಿದಳು. ಒಂದು ಹನಿಯಿಲ್ಲ, ಫಳಫಳ ಒಣಗಿತ್ತು. "ಬೀಗ್ರೇ, ಸೂರಿನ ಕೆಳಗೆ ಕುಂತ್ಕಂತೀನಿ ಅಂದೋರು ಯಾರು? ನೀವು. ಎದ್ದು ಹೊರಗೆ ಬಂದೋರು ಯಾರು? ನೀವು. ಒಳಗೆ ಕುಂತಿರೋತನಕ ಮೈ ಒಣಗಿತ್ತಾ ಇಲ್ಲಾ? ಹೊರಗೆ ಹೋಗಿ ನೆನೆದ್ರೆ ಅದಕ್ಕೆ ನಮ್ಮ ಸೂರು ಏನ್ ಮಾಡ್ಬೇಕು?"

ಬೀದಿಯವರು ಹೌದು ಹೌದೆಂದರು. ಪರಮೇಶ್ವರಪ್ಪ ತಟ್ಟೆ ನೋಡಿದರು, ತಮ್ಮ ಮೈ ನೋಡಿಕೊಂಡರು, ಎತ್ತು ಹೋದ ದಾರಿ ನೋಡಿದರು. ವ್ಯಾಪಾರಸ್ಥರು, ನ್ಯಾಯ ತೂಗುವುದು ಗೊತ್ತಿತ್ತು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಮೀಸೆ, ಆಮೇಲೆ ಬೀದಿ ನಡುಗುವಂಥ ನಗು ಹೊರಬಂತು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, ಬಾಗಿಲಲ್ಲಿ ಬಂದು ನಿಂತಿದ್ದ ಮಗಳ ಕಡೆ ತಿರುಗಿದರು. "ನನ್ನ ಮಾತು ಮುಗೀತಮ್ಮ. ಟ್ರಂಕು ಹೊಸ್ತಿಲ ಹೊರಗೈತೆ. ಒಳಗೋ, ಮತ್ತೋಡಿಗೋ, ನೀನೇ ಹೇಳು."

ಸರ್ವಮಂಗಳ ಹೊಸ್ತಿಲು ದಾಟಿ ಬೀದಿಗೆ ಇಳಿದು ಟ್ರಂಕಿನ ಪಕ್ಕ ನಿಂತಳು. ಒದ್ದೆ ಸೀರೆ ಹಿಂಡಿಕೊಳ್ಳುತ್ತ, ಮಾಳಿಗೆಯಿಂದ ಇಳಿದು ಬಂದಿದ್ದ ಗಂಡನನ್ನೇ ನೋಡಿದಳು. ಗಂಡ ಹೆಂಡತಿಯನ್ನು ನಾಲ್ಕು ಜನರ ಎದುರು ಮಾತಾಡಿಸಿದರೇ ನಗುವ ಕಾಲ ಅದು, ಹೆಸರು ಹಿಡಿದು ಕರೆಯುವುದಂತೂ ಕೇಳಿಯೇ ಇಲ್ಲ. ಎದುರಿಗೆ ಮಾವ, ಅತ್ತೆ, ಜಂಗಮರು, ಇಡೀ ಬೀದಿ. ಎರಡು ಕುದುರೆಗಳೂ ಭೋರೆಂದು ಸುರಿಯುತ್ತಿದ್ದವು.

ಜಂಬಣ್ಣ ಹೊಸ್ತಿಲೊಳಗೆ ನಿಂತು ಆ ಸದ್ದಿನ ಮೇಲೆ ಕೂಗಿದ. "ಸರ್ವಮಂಗಳಾ, ಬಾ!"

ಬೀದಿಗೆ ಬೀದಿಯೇ ಬಾಯಿ ಮುಚ್ಚಿಕೊಂಡಿತು. ಜಂಗಮರು ಆಕಾಶ ನೋಡಿದರು.

"ಅಂತೂ ಮೂರು ಬಾಯೂ ಒಂದೇ ದಿನ ಬಿಚ್ಚಿದ್ವು" ಎಂದಳು ಮರುಳಸಿದ್ದಮ್ಮ.

"ಎತ್ತು ಸಿಗೋತನಕ ನಾನು ಇಲ್ಲೇ" ಎಂದರು ಪರಮೇಶ್ವರಪ್ಪ, ರುಮಾಲು ಹಿಂಡುತ್ತ. "ಮನೆ ಅಳಿಯನ್ನ ಕರ್ಕಂಡು ಹೋಗಾಣ ಅಂತ ಬಂದೆ, ಮನೆ ಮಾವ ಆಗಿ ಕುಂತೆ. ಯಾರಾದ್ರೂ ಒಂದು ಒಣ ಪಂಚೆ ಕೊಡ್ರಪ್ಪ."

ಅಷ್ಟರಲ್ಲಿ ಸರ್ವಮಂಗಳ ಹೊಸ್ತಿಲು ದಾಟಿ ಒಳಗೆ ಬಂದಾಗಿತ್ತು. ಜಂಬಣ್ಣ ಟ್ರಂಕನ್ನು ಹೆಗಲಿಗೇರಿಸಿ ಹಿಂದೆ ನಡೆದ. ಆನೆ ಹಾಯುವ ಬಾಗಿಲಿಗೂ ಟ್ರಂಕು ತಗುಲಿಸಿಕೊಂಡ, ಅಷ್ಟು ಸಂಭ್ರಮ. ತೊಟ್ಟಿಲು ಬಳೆಯ ಕಂಬದ ಹತ್ತಿರ ಅವಳು ನಿಂತು, ತಿರುಗದೆಯೇ ಮೆಲ್ಲಗೆ ಕೇಳಿದಳು.

"ಇನ್ನೊಂದ್ಸಲ ಅನ್ರಿ."

"ಏನು?"

"ಅದೇ. ಬಾ ಅಂತ."

"ಒಳಗೇ ಬಂದೀಯಲ್ಲ."

"ಬಂದ್ರೇನಾಯ್ತು, ಅನ್ರಿ" ಎಂದಳು. ಅವನು ಅಂದ.